ದೂರದ ದ್ವೀಪಕ್ಕೆ ಹೆರಿಗೆ ಸಾಮಗ್ರಿ ತಲುಪಿಸುವುದು ಹೇಗೆ? ಸಣ್ಣ ಸಂಸ್ಥೆಗಳಿಗೆ ಸಮಗ್ರ ಮಾರ್ಗದರ್ಶಿ

ಹೆರಿಗೆ ಸಾಮಗ್ರಿ ಕಳಿಸಲು ಹೊರಟ ಸಣ್ಣ ಸಂಸ್ಥೆಗಳು ಹೆಚ್ಚಾಗಿ ತಮ್ಮ ಗೋದಾಮಿನಿಂದ ಶುರುಮಾಡುತ್ತವೆ. ಏನು ಸಿಗುತ್ತದೆ, ಯಾರು ದಾನ ಕೊಡುತ್ತಾರೆ, ಎಷ್ಟು ಪೆಟ್ಟಿಗೆ ತುಂಬುತ್ತದೆ, ಅಷ್ಟೇ ಲೆಕ್ಕ. ಇದು ಉಲ್ಟಾ ದಾರಿ. ದ್ವೀಪದ ಹೆರಿಗೆ ಕೋಣೆಯಲ್ಲಿ ಒಂದು ಬೀರು ಇರುತ್ತದಲ್ವಾ, ಅದರಿಂದ ಶುರುಮಾಡಿ. ಅಲ್ಲಿಂದ ದಡಕ್ಕೆ, ದಡದಿಂದ ದೋಣಿಗೆ, ದೋಣಿಯಿಂದ ಬಂದರಿಗೆ ಹಿಂದಕ್ಕೆ ಬನ್ನಿ. ಗೋದಾಮು ಕೊನೆಗೆ ಬರಲಿ.

ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 2,60,000 ಹೆಂಗಸರು ಬಸುರು ಮತ್ತು ಹೆರಿಗೆಯ ತೊಂದರೆಗಳಿಂದ ಸತ್ತರು. ಬಹುಪಾಲು ಸಾವು ತಪ್ಪಿಸಬಹುದಾಗಿತ್ತು. ದೊಡ್ಡ ಕಾರಣ ರಕ್ತಸ್ರಾವ. ಬಿಪಿ ಏರಿ ಬರುವ ಫಿಟ್ಸ್, ಬಾಣಂತಿ ನಂಜು ಅದರ ಹಿಂದೆಯೇ ಇವೆ. ಈ ಕೆಲಸದಲ್ಲಿರುವವರು 'ಮೂರು ತಡ' ಎಂಬ ಮಾತು ಬಳಸುತ್ತಾರೆ. ಆಸ್ಪತ್ರೆಗೆ ಹೋಗಬೇಕು ಅಂತ ಮನೆಯವರು ತೀರ್ಮಾನಿಸುವುದರಲ್ಲಿ ತಡ, ಅಲ್ಲಿಗೆ ತಲುಪುವುದರಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ತಡ. ದ್ವೀಪದಲ್ಲಿ ಎರಡನೆಯ ತಡ ಕಡಲಿನ ಕೈಯಲ್ಲಿದೆ. ಗಾಳಿ ಎದ್ದರೆ ಅರ್ಧ ದಿನ, ಕೆಲವೊಮ್ಮೆ ಮೂರು ದಿನ ದೋಣಿಯೇ ಹೊರಡುವುದಿಲ್ಲ. ಹಾಗಾಗಿ ನೀವು ಕಳಿಸುವ ಪೆಟ್ಟಿಗೆಯ ಕೆಲಸ ಒಂದೇ: ದೋಣಿ ಹೊರಡುವವರೆಗೆ ತಾಯಿಯ ಜೀವ ಹಿಡಿದಿಡುವುದು. ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು ಅನ್ನುವ ಗೊಂದಲ ಬಂದಾಗಲೆಲ್ಲ ಈ ಅಳತೆಗೋಲು ಹಿಡಿದು ನೋಡಿ.

1. ಕೊಳ್ಳುವ ಮೊದಲು ಕೇಳಿ

ದ್ವೀಪದ ನರ್ಸ್ ಅಥವಾ ಸೂಲಗಿತ್ತಿಯ ಜೊತೆ ನಿಧಾನವಾಗಿ ಮಾತಾಡಿ. ಸಾಧ್ಯವಾದರೆ ಒಮ್ಮೆ ಹೋಗಿ ಬನ್ನಿ, ಬರಿಗೈಯಲ್ಲಿ. ಪೆಟ್ಟಿಗೆ ಹಿಡಿದು ಹೋದರೆ ಜನ ಧನ್ಯವಾದ ಹೇಳುತ್ತಾರೆ, ಸುಮ್ನೆ ಹೋದರೆ ಸಮಸ್ಯೆ ಹೇಳುತ್ತಾರೆ.

ಕೇಳಬೇಕಾದ್ದು ಇಷ್ಟು. ಕಳೆದ 12 ತಿಂಗಳ ಹೆರಿಗೆ ರಿಜಿಸ್ಟರ್‌ನಲ್ಲಿ ಎಷ್ಟು ಹೆಸರಿದೆ? ಅದರಲ್ಲಿ ಎಷ್ಟು ಹೆರಿಗೆ ದ್ವೀಪದಲ್ಲೇ ಆಯಿತು, ಎಷ್ಟು ಮನೆಯಲ್ಲಿ? ಹೆರಿಗೆ ಮಾಡಿಸುವವರಿಗೆ ಸಲೈನ್ ಹಾಕಲು ಬರುತ್ತದೆಯೇ, ಕಾನೂನಿನ ಪ್ರಕಾರ ಹಾಕಬಹುದೇ? ಫ್ರಿಜ್ ಇದೆಯೇ, ಕರೆಂಟು ದಿನಕ್ಕೆ ಎಷ್ಟು ಗಂಟೆ ಇರುತ್ತದೆ? ಫ್ರಿಜ್ ಒಳಗೆ ಥರ್ಮಾಮೀಟರ್ ಇಟ್ಟು ಬೆಳಿಗ್ಗೆ ಮತ್ತು ಮಧ್ಯಾಹ್ನ ಫೋಟೋ ಕಳಿಸಲು ಹೇಳಿ, ಒಂದು ವಾರ. 'ಫ್ರಿಜ್ ಇದೆ' ಅನ್ನುವ ಮಾತಿಗೂ ಆ ಫೋಟೋಗಳಿಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಬೇರೆ ಇದೆ: ಬೀರುವಿನಲ್ಲಿ ಬಳಸದೆ ಬಿದ್ದಿರುವುದು ಏನು? ಅದರ ಪಟ್ಟಿ ಕೈಗೆ ಬಂದರೆ ಹಿಂದೆ ಬಂದವರು ಯೋಚಿಸದೆ ಏನೇನು ಕಳಿಸಿದ್ದರು ಅಂತ ಗೊತ್ತಾಗುತ್ತದೆ. ಬ್ಯಾಟರಿ ಸಿಗದ ಯಂತ್ರ, ಯಾರಿಗೂ ಓದಲು ಬಾರದ ಭಾಷೆಯ ಲೇಬಲ್, ಸೂಜಿಗೆ ಕೂರದ ಸಿರಿಂಜು.

ಇದರ ಜೊತೆಗೇ ಆರೋಗ್ಯ ಇಲಾಖೆಯ ಬಾಗಿಲು ತಟ್ಟಿ. ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಇಲ್ಲದ್ದನ್ನು ಒಯ್ಯಬೇಡಿ. ಡೋಸ್ ಎಷ್ಟು, ಯಾರು ಕೊಡಬಹುದು ಅನ್ನುವುದನ್ನು ಅಲ್ಲಿನ ಚಿಕಿತ್ಸಾ ಸೂಚಿಯೇ ಹೇಳಬೇಕು, ನೀವಲ್ಲ. ಈ ಲೇಖನದಲ್ಲಿ ಬರುವ ಡೋಸ್ ಸಂಖ್ಯೆಗಳೂ ಸಾಮಾನಿನ ಲೆಕ್ಕಕ್ಕೆ ಮಾತ್ರ.

2. ಎಷ್ಟು ಬೇಕು ಅನ್ನುವ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ದ್ವೀಪದಲ್ಲಿ 4,000 ಜನ ಇದ್ದಾರೆ, ಸಾವಿರಕ್ಕೆ ವರ್ಷಕ್ಕೆ 25 ಜನನ. ಅಂದರೆ ವರ್ಷಕ್ಕೆ ಸುಮಾರು 100 ಹೆರಿಗೆ. ದೋಣಿ ಮೂರು ತಿಂಗಳಿಗೊಮ್ಮೆ ಹೋಗುತ್ತದೆ, ಹಾಗಾಗಿ ಒಂದು ಸುತ್ತಿಗೆ 25. ಇಲ್ಲಿಗೆ ನಿಲ್ಲಿಸಿದರೆ ಕೆಟ್ಟಿರಿ.

ಮೊದಲನೆಯದು, ಕಡಲು ಮುಚ್ಚುವ ತಿಂಗಳುಗಳು. ಒಂದು ಸುತ್ತು ತಪ್ಪಿದರೂ ಸಾಮಾನು ಮುಗಿಯಬಾರದು ಅಂದರೆ ಆರು ತಿಂಗಳ ದಾಸ್ತಾನು ದ್ವೀಪದಲ್ಲೇ ಇರಬೇಕು, ಅಂದರೆ 50 ಹೆರಿಗೆಗೆ. ಎರಡನೆಯದು, ಸಣ್ಣ ಸಂಖ್ಯೆಗಳು ಕುಣಿಯುತ್ತವೆ. ದೊಡ್ಡ ಜಿಲ್ಲೆಯಲ್ಲಿ ತಿಂಗಳಿಂದ ತಿಂಗಳಿಗೆ ಹೆರಿಗೆಗಳ ಸಂಖ್ಯೆ ಹೆಚ್ಚುಕಮ್ಮಿ ಒಂದೇ ಇರುತ್ತದೆ. ಸಣ್ಣ ದ್ವೀಪದಲ್ಲಿ ಹಾಗಿಲ್ಲ. ಮೂರು ತಿಂಗಳಿಗೆ ಸರಾಸರಿ 25 ಇರುವ ಕಡೆ ಒಂದು ಸುತ್ತಿನಲ್ಲಿ 16 ಆಗಬಹುದು, ಇನ್ನೊಂದರಲ್ಲಿ 35. ಆರು ತಿಂಗಳಿಗೆ 50 ಅಂತ ಲೆಕ್ಕ ಬಂದರೆ 65ಕ್ಕೆ ಸಿದ್ಧವಾಗಿರಿ.

ಮೂರನೆಯದು ಅಪರೂಪದ ತೊಂದರೆಗಳು. ಶೇಕಡಾ ಲೆಕ್ಕ ಇಲ್ಲಿ ಪೂರ್ತಿ ಕೈಕೊಡುತ್ತದೆ. ನೂರು ಹೆರಿಗೆಗೆ ಒಂದು ಫಿಟ್ಸ್ ಅಂತ ಹಿಡಿದರೆ ಆರು ತಿಂಗಳಿಗೆ ಅರ್ಧ ಬರುತ್ತದೆ. ಅರ್ಧ ಫಿಟ್ಸ್ ಅಂತ ಇರುವುದಿಲ್ಲ. ಒಂದೂ ಬರದಿರಬಹುದು, ಒಂದೇ ವಾರದಲ್ಲಿ ಎರಡು ಬರಬಹುದು. ಇಂಥ ಔಷಧಿಗಳನ್ನು ತಲೆ ಎಣಿಸಿ ಕೊಡಬೇಡಿ. ಕನಿಷ್ಠ ಎರಡು ಪೂರ್ತಿ ಕೋರ್ಸ್ ಯಾವಾಗಲೂ ಬೀರುವಿನಲ್ಲಿರಲಿ.

ಆಗ ಒಂದು ತಕರಾರು ಬರುತ್ತದೆ: ಬಳಸದೆ ಅವಧಿ ಮುಗಿದುಹೋದರೆ? ಮುಗಿಯಲು ಆರೇಳು ತಿಂಗಳು ಇರುವಾಗಲೇ ಅದನ್ನು ವಾಪಸ್ ತಂದು, ಮುಖ್ಯಭೂಮಿಯ ದೊಡ್ಡ ಆಸ್ಪತ್ರೆಗೆ ಕೊಟ್ಟು, ಬದಲಿಗೆ ಹೊಸ ಬ್ಯಾಚ್ ಪಡೆಯುವ ಒಪ್ಪಂದ ಮಾಡಿಕೊಳ್ಳಿ. ಅಲ್ಲಿ ಅದು ಒಂದೆರಡು ವಾರದಲ್ಲಿ ಖರ್ಚಾಗುತ್ತದೆ. ಆಸ್ಪತ್ರೆ ಒಪ್ಪಬೇಕಾದರೆ ಔಷಧಿ ದ್ವೀಪದಲ್ಲಿ ಸರಿಯಾದ ತಾಪಮಾನದಲ್ಲಿತ್ತು ಅನ್ನುವ ದಾಖಲೆ ಬೇಕು, ಅದನ್ನು ಮೊದಲ ದಿನದಿಂದಲೇ ಇಡಿ.

3. ಪೆಟ್ಟಿಗೆಯಲ್ಲಿ ಏನಿರಬೇಕು

ರಕ್ತಸ್ರಾವದಿಂದಲೇ ಶುರುಮಾಡೋಣ. ಮಗು ಹುಟ್ಟಿದ ಕೂಡಲೇ, ಗರ್ಭಕೋಶ ಬಿಗಿಯಾಗಿಸಿ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು 10 ಯೂನಿಟ್ ಕೊಡುವುದು ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ಸಲಹೆ. ಒಳ್ಳೆಯ ಔಷಧಿ, ಆದರೆ ಶಾಖ ತಡೆಯುವುದಿಲ್ಲ. 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಕೆಲವು ಕಂಪನಿಗಳ ಲೇಬಲ್‌ನಲ್ಲಿ ಹೊರಗೂ ಇಡಬಹುದು ಅಂತ ಇರುತ್ತದೆ. ಅದನ್ನು ನಂಬಿ ಕೂರಬೇಡಿ, ಫ್ರಿಜ್‌ನಲ್ಲೇ ಇಡಿಸಿ. ದ್ವೀಪದಲ್ಲಿ ಲಸಿಕೆಯ ಫ್ರಿಜ್ ಇದ್ದರೆ ಅದರಲ್ಲೇ ಜಾಗ ಕೇಳಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಎರಡೂ ಇದಕ್ಕೆ ಒಪ್ಪಿವೆ. ಸ್ಥಳೀಯ ಲಸಿಕೆ ಸಿಬ್ಬಂದಿಗೆ ಈ ವಿಷಯ ಗೊತ್ತಿರದೆ ಇರಬಹುದು, ಅಷ್ಟೇ.

ಫ್ರಿಜ್ ನಂಬುವಂತಿಲ್ಲ ಅಂದರೆ ಎರಡು ದಾರಿ ಇವೆ. ಒಂದು, ಶಾಖ ತಡೆಯುವ ಕಾರ್ಬೆಟೋಸಿನ್. ಇದನ್ನು 10 ದೇಶಗಳ ಸುಮಾರು 30,000 ಹೆಂಗಸರ ಮೇಲೆ ನಡೆದ ಪರೀಕ್ಷೆಯ ನಂತರ 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆಗಳಲ್ಲಿ ಸೇರಿಸಿತು. ಡೋಸ್ 100 ಮೈಕ್ರೋಗ್ರಾಂ. ಇದು ರಕ್ತಸ್ರಾವ ಬರದಂತೆ ತಡೆಯಲು ಕೊಡುವ ಔಷಧಿ. ನೋವು ಬರಿಸಲು ಇದನ್ನು ಬಳಸಲೇಬಾರದು. ಇನ್ನೊಂದು, ಮಿಸೊಪ್ರೊಸ್ಟಾಲ್ ಮಾತ್ರೆ. ಇದಕ್ಕೆ ಫ್ರಿಜ್ಜೂ ಬೇಡ, ಸೂಜಿಯೂ ಬೇಡ. 200 ಮೈಕ್ರೋಗ್ರಾಂನ ಮೂರು ಮಾತ್ರೆ ಬಾಯಿಗೆ ಕೊಡುತ್ತಾರೆ. ಆದರೆ ತೇವ ತಗಲಿದರೆ ಕೆಟ್ಟಿತು. ಕಡಲ ಗಾಳಿಯ ಊರಿಗೆ ಎರಡೂ ಬದಿ ಅಲ್ಯುಮಿನಿಯಂ ಹಾಳೆ ಇರುವ ಬ್ಲಿಸ್ಟರ್ ಮಾತ್ರ ಕೊಳ್ಳಿ. ಒಂದು ಬದಿ ಪ್ಲಾಸ್ಟಿಕ್ ಇದ್ದರೆ ಬೇಡ. ಸ್ಟ್ರಿಪ್ ಕತ್ತರಿಸಿ ಬಿಡಿ ಮಾತ್ರೆ ಹಂಚುವುದೂ ಬೇಡ. ಕೆಲವು ದೇಶಗಳಲ್ಲಿ ಈ ಮಾತ್ರೆಗೆ ಬಿಗಿ ನಿಯಮಗಳಿವೆ, ಅನುಮತಿ ಬರವಣಿಗೆಯಲ್ಲೇ ಇರಲಿ. ಕೊಡುವವರಿಗೆ ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲ ಅಂತ ಖಚಿತಪಡಿಸಿಕೊಳ್ಳುವ ತರಬೇತಿ ಇರಲೇಬೇಕು.

ರಕ್ತ ನಿಲ್ಲದಿದ್ದಾಗ ಬೇಕಾಗುವುದು ಟ್ರಾನೆಕ್ಸಾಮಿಕ್ ಆಸಿಡ್. 2017ರಲ್ಲಿ ಪ್ರಕಟವಾದ, 20,000 ಹೆಂಗಸರನ್ನು ಒಳಗೊಂಡ ಪರೀಕ್ಷೆ ಇದರ ಪ್ರಯೋಜನ ತೋರಿಸಿಕೊಟ್ಟಿತು. ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಉಪಯೋಗ. ಆಸ್ಪತ್ರೆ ನಾಲ್ಕು ಗಂಟೆಯ ದೋಣಿ ದಾರಿಯಾಚೆ ಇದ್ದರೆ ಈ ಔಷಧಿ ದ್ವೀಪದಲ್ಲೇ ಇರಬೇಕು ಅನ್ನುವುದಕ್ಕೆ ಬೇರೆ ವಾದ ಬೇಕಿಲ್ಲ.

ಇನ್ನು ರಕ್ತ ಅಳೆಯುವ ಹಾಳೆ. ತಾಯಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ತುದಿಯಲ್ಲಿ ಗೆರೆ ಹಾಕಿದ ಚೀಲ. ಕಣ್ಣಂದಾಜಿನಲ್ಲಿ ನಾವೆಲ್ಲ ರಕ್ತವನ್ನು ಕಡಿಮೆಯೇ ಅಂದಾಜು ಮಾಡುತ್ತೇವೆ, ಅನುಭವಸ್ಥರೂ ಅಷ್ಟೇ. 2023ರಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ಟಾಂಜಾನಿಯಾದ 80 ಆಸ್ಪತ್ರೆಗಳ ಫಲಿತಾಂಶ ಹೊರಬಂತು. ಈ ಹಾಳೆಯಿಂದ ಅಳೆದು, ಗರ್ಭಕೋಶ ಉಜ್ಜುವುದು, ಔಷಧಿಗಳು, ಸಲೈನ್, ಪರೀಕ್ಷೆ ಎಲ್ಲವನ್ನೂ ಒಟ್ಟಿಗೆ ಮಾಡಿದಾಗ ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ದೊಡ್ಡ ಅನಾಹುತಗಳು ಶೇ. 60ರಷ್ಟು ಕಡಿಮೆಯಾದವು. ಹಗುರ ಸಾಮಾನು, ಕೆಡುವುದಿಲ್ಲ, ದೋಣಿಗೆ ಹೇಳಿ ಮಾಡಿಸಿದಂತಿದೆ.

ಈಗ ಫಿಟ್ಸ್. ಮೆಗ್ನೀಸಿಯಂ ಸಲ್ಫೇಟ್ ಹಳೆಯ ಔಷಧಿ, ಫ್ರಿಜ್ ಬೇಡ. ಬಿಪಿ ಏರಿದ ಬಸುರಿಯರಲ್ಲಿ ಫಿಟ್ಸ್ ಬರುವ ಅಪಾಯವನ್ನು ಇದು ಅರ್ಧಕ್ಕಿಂತ ಜಾಸ್ತಿ ಇಳಿಸುತ್ತದೆ ಅಂತ 2002ರಲ್ಲೇ ಸಾಬೀತಾಗಿದೆ. ಇದರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ, ಯಾಕೆಂದರೆ ಇಲ್ಲೇ ಹೆಚ್ಚಿನವರು ಎಡವುವುದು. ಸ್ನಾಯುವಿಗೆ ಕೊಡುವ ಪದ್ಧತಿಯಲ್ಲಿ ಮೊದಲ ಡೋಸ್ 14 ಗ್ರಾಂ. ಅದರಲ್ಲಿ 4 ರಕ್ತನಾಳಕ್ಕೆ, 10 ಎರಡೂ ಪೃಷ್ಠಕ್ಕೆ. ಆಮೇಲೆ ನಾಲ್ಕು ಗಂಟೆಗೊಮ್ಮೆ 5 ಗ್ರಾಂ. ದೋಣಿ ತಕ್ಷಣ ಸಿಕ್ಕರೆ ಮೊದಲ ಡೋಸ್ ಕೊಟ್ಟು ಕಳಿಸಬಹುದು. ಕಡಲು ಕೆಟ್ಟಿದ್ದರೆ 24 ಗಂಟೆಗೆ ಒಟ್ಟು 44 ಗ್ರಾಂ ಬೇಕು. 5 ಗ್ರಾಂನ ಆಂಪೂಲ್ (ತುದಿ ಒಡೆದು ಬಳಸುವ ಔಷಧಿಯ ಪುಟ್ಟ ಗಾಜಿನ ಬಾಟಲಿ) ಆದರೆ ಒಂಬತ್ತು ಸಾಕು. 1 ಗ್ರಾಂನದ್ದಾದರೆ 44 ಆಂಪೂಲ್ ಒಡೆಯಬೇಕು. ತಾಯಿ ನಡುಗುತ್ತಿರುವಾಗ, ಒಬ್ಬಳೇ ನರ್ಸ್, ರಾತ್ರಿ ಹೊತ್ತು. ಆರ್ಡರ್ ಪಟ್ಟಿಯಲ್ಲಿ ಸುಮ್ನೆ 'ಮೆಗ್ನೀಸಿಯಂ ಸಲ್ಫೇಟ್' ಅಂತ ಬರೆದರೆ ಯಾವುದು ಬರುತ್ತದೋ ಗೊತ್ತಿಲ್ಲ, ಅದಕ್ಕೆ ಆಂಪೂಲ್ ಅಳತೆಯನ್ನೂ ಬರೆಯಿರಿ. ಒಂದು ದ್ವೀಪಕ್ಕೆ ಒಂದೇ ಅಳತೆ, ಎಂದೂ ಬದಲಾಯಿಸಬೇಡಿ.

ಔಷಧಿಯೊಂದೇ ಹೋದರೆ ಅದು ಔಷಧಿಯಲ್ಲ. ಮೆಗ್ನೀಸಿಯಂ ಜೊತೆ 20 ಮತ್ತು 10 ಎಂಎಲ್ ಸಿರಿಂಜು, ಉದ್ದನೆಯ ಸೂಜಿ, ಬೆರೆಸಲು ಸ್ಟೆರೈಲ್ ನೀರು, ನೋವಿಗೆ ಲಿಗ್ನೊಕೇನ್, ರಕ್ತನಾಳಕ್ಕೆ ಹಾಕುವ ಕೊಳವೆ (ಕ್ಯಾನುಲಾ), ಮೂತ್ರ ಅಳೆಯಲು ಕೊಳವೆ (ಕ್ಯಾತಿಟರ್) ಮತ್ತು ಚೀಲ, ಮೊಣಕಾಲಿನ ಪ್ರತಿಕ್ರಿಯೆ ನೋಡುವ ಸುತ್ತಿಗೆ ಹೋಗಬೇಕು. ಪ್ರಮಾಣ ಜಾಸ್ತಿಯಾಗಿ ಉಸಿರು ಕುಂದಿದರೆ ಮರುಮದ್ದು ಕ್ಯಾಲ್ಸಿಯಂ ಗ್ಲುಕೊನೇಟ್. ಇದೆಲ್ಲವನ್ನೂ ಒಂದೇ ಪಾರದರ್ಶಕ ಚೀಲದಲ್ಲಿ ಹಾಕಿ ಸೀಲ್ ಮಾಡಿ, ಡೋಸ್ ಚಾರ್ಟನ್ನು ಸ್ಥಳೀಯ ಭಾಷೆಯಲ್ಲಿ ಹೊರಗಡೆ ಕಾಣುವಂತೆ ಇಡಿ. ರಾತ್ರಿ ಎರಡು ಗಂಟೆಗೆ ಬೀರುವಿನ ಮೂರು ಖಾನೆ ಹುಡುಕುವ ಹಾಗಾಗಬಾರದು. ರಕ್ತಸ್ರಾವದ ಔಷಧಿಗಳಿಗೂ ಇಂಥದ್ದೇ ಚೀಲ ಮಾಡಿ. ಆಕ್ಸಿಟೋಸಿನ್ ಮಾತ್ರ ಫ್ರಿಜ್‌ನಲ್ಲಿರುತ್ತದೆ ಅಂತ ಅದರ ಮೇಲೆ ದಪ್ಪಗೆ ಬರೆಯಿರಿ.

ಬಿಪಿ ಯಂತ್ರ ಇಲ್ಲದೆ ಮೇಲಿನದ್ದೆಲ್ಲ ವ್ಯರ್ಥ. ಮಾಮೂಲಿ ಪೆನ್ಸಿಲ್ ಸೆಲ್ ಹಾಕುವ ಅಥವಾ ಫೋನ್ ಚಾರ್ಜರ್‌ನಿಂದ ಚಾರ್ಜ್ ಆಗುವ, ಬಸುರಿಯರಿಗೂ ಸರಿಯಾದ ಅಳತೆ ತೋರಿಸುತ್ತದೆ ಅಂತ ಪರೀಕ್ಷೆಯಾದ ಯಂತ್ರ ಆರಿಸಿ. ತೋಳಿಗೆ ಸುತ್ತುವ ಪಟ್ಟಿ (ಕಫ್) ಎರಡು ಗಾತ್ರದ್ದು ಕಳಿಸಿ. ಮೂತ್ರದಲ್ಲಿ ಪ್ರೋಟೀನ್ ನೋಡುವ ಪಟ್ಟಿಗಳ ಡಬ್ಬ ತೆರೆದ ಮೇಲೆ ತೇವಕ್ಕೆ ಬೇಗ ಕೆಡುತ್ತವೆ. ದೊಡ್ಡ ಡಬ್ಬ ಒಂದರ ಬದಲು ಸಣ್ಣವು ನಾಲ್ಕು ಒಳ್ಳೆಯದು.

ಶುಚಿ ಹೆರಿಗೆ ಕಿಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಇದು ಎಲ್ಲರಿಗೂ ಗೊತ್ತಿರುವುದೇ: ಸೋಪು, ಪ್ಲಾಸ್ಟಿಕ್ ಹಾಳೆ, ಗ್ಲೌಸ್, ಹೊಕ್ಕುಳಬಳ್ಳಿ ಕಟ್ಟಲು ದಾರ, ಹೊಸ ಬ್ಲೇಡು, ಮಗು ಒರೆಸಲು ಬಟ್ಟೆ. ಕಿಟ್ ಇದೆ ಅಂತ ನುರಿತ ಕೈ ಬೇಡ ಅನ್ನುವ ಭ್ರಮೆ ಹುಟ್ಟಬಾರದು. ಹೊಕ್ಕುಳಿಗೆ ನಂಜಾಗದಂತೆ ಹಚ್ಚುವ ಕ್ಲೋರ್‌ಹೆಕ್ಸಿಡಿನ್ ಸೇರಿಸುವುದಾದರೆ ಒಂದು ಎಚ್ಚರಿಕೆ. ಕಣ್ಣಿನ ಔಷಧಿಯ ಬಾಟಲಿಯಂತೆ ಕಾಣುವ ಡಬ್ಬಿಯಲ್ಲಿದ್ದಾಗ ಜನ ಅದನ್ನು ಕಣ್ಣಿಗೆ ಹಾಕಿ ಕಣ್ಣು ಹಾಳಾದ ಪ್ರಕರಣಗಳು ಹಲವು ದೇಶಗಳಿಂದ ವರದಿಯಾಗಿವೆ. ಟ್ಯೂಬಿನ ಜೆಲ್ ತೆಗೆದುಕೊಳ್ಳಿ, ಮೇಲೆ ಚಿತ್ರ ಅಂಟಿಸಿ.

ಮಗುವಿಗೆ ಉಸಿರು ಕೊಡುವ ಬ್ಯಾಗು, ಎರಡು ಗಾತ್ರದ ಮಾಸ್ಕು ಎರಡು ಜೊತೆ ಇರಲಿ. ಅವಳಿ ಹುಟ್ಟಬಹುದು, ಒಂದು ಹರಿಯಬಹುದು. ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಮಾತ್ರೆ ಬಸುರಿನ ಉದ್ದಕ್ಕೂ ದಿನಕ್ಕೊಂದರಂತೆ ಬೇಕು. ತೂಕದಲ್ಲಿ ಕಡಿಮೆ, ಪರಿಣಾಮದಲ್ಲಿ ದೊಡ್ಡದು, ಯಾಕೆಂದರೆ ರಕ್ತ ಕಡಿಮೆ ಇರುವ ತಾಯಿ ಸಣ್ಣ ರಕ್ತಸ್ರಾವವನ್ನೂ ತಡೆಯಲಾರಳು. ಮನೆಗೆ ಕೊಡುವಾಗ ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಇಡಲು ಹೇಳಿ. ಬಣ್ಣದ ಮಾತ್ರೆ ಮಿಠಾಯಿಯಂತೆ ಕಾಣುತ್ತದೆ, ಮಕ್ಕಳಿಗೆ ಅದು ವಿಷ.

4. ಬೇಡ ಅನ್ನುವುದನ್ನು ಕಲಿಯಿರಿ

2004ರ ಸುನಾಮಿಯ ನಂತರ ಇಂಡೋನೇಷ್ಯಾದ ಅಚೆ ಪ್ರಾಂತ್ಯಕ್ಕೆ ಸುಮಾರು 4,000 ಟನ್ ಔಷಧಿ ಬಂದು ಬಿತ್ತು. ಬಹಳಷ್ಟರ ಲೇಬಲ್ ಅಲ್ಲಿನವರಿಗೆ ಅರ್ಥವಾಗದ ಭಾಷೆಯಲ್ಲಿತ್ತು, ಇನ್ನು ಕೆಲವು ಅವಧಿ ಮುಗಿಯುವ ಹಂತದಲ್ಲಿದ್ದವು. ನೂರಾರು ಟನ್ ನಾಶಮಾಡುವುದೇ ಬೇರೆ ಕೆಲಸವಾಯಿತು. ದಾನ ಅಂದ ಮಾತ್ರಕ್ಕೆ ಉಪಕಾರ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಔಷಧಿ ದಾನದ ಮಾರ್ಗಸೂಚಿ ಸರಳವಾಗಿದೆ. ತಲುಪಿದಾಗ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು. ರೋಗಿಗಳು ಹಿಂದಿರುಗಿಸಿದ ಮಾತ್ರೆ, ವೈದ್ಯರಿಗೆ ಸಿಕ್ಕ ಸ್ಯಾಂಪಲ್ ಒಯ್ಯಬಾರದು. ಲೇಬಲ್ ಮೇಲೆ ಔಷಧಿಯ ಮೂಲ ಹೆಸರು ಇರಬೇಕು. ದ್ವೀಪಕ್ಕೆ ನಾನು ಇದನ್ನು ಇನ್ನೂ ಬಿಗಿ ಮಾಡುತ್ತೇನೆ: 18 ತಿಂಗಳು. ಬಂದರಿನಲ್ಲಿ ಕಾಯುವುದು, ಕಡಲು ತೆರೆಯುವುದನ್ನು ಕಾಯುವುದು, ಇದರಲ್ಲೇ ತಿಂಗಳುಗಳು ಕರಗುತ್ತವೆ.

ಮಕ್ಕಳ ಹಾಲಿನ ಪುಡಿ, ಬಾಟಲಿ, ನಿಪ್ಪಲ್ಲುಗಳನ್ನು ಯಾರೇ ಕೊಟ್ಟರೂ ತೆಗೆದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಭೆ 1981ರಲ್ಲೇ ಇದಕ್ಕೆ ಸಂಹಿತೆ ಮಾಡಿದೆ. ಶುದ್ಧ ನೀರು ಕಷ್ಟವಿರುವ, ಮುಂದಿನ ಡಬ್ಬ ಯಾವಾಗ ಬರುತ್ತದೋ ಗೊತ್ತಿಲ್ಲದ ಜಾಗದಲ್ಲಿ ಎದೆಹಾಲು ನಿಂತುಹೋದರೆ ಮಗುವಿನ ಗತಿಯೇನು? ಸ್ಕ್ಯಾನಿಂಗ್ ಯಂತ್ರ ಕೊಡುತ್ತೇವೆ ಅಂತ ಬರುವ ದಾನಿಗಳಿಗೂ ನಯವಾಗಿ ಮೂರು ಪ್ರಶ್ನೆ ಕೇಳಿ: ಯಾರು ನಡೆಸುತ್ತಾರೆ, ಯಾರು ರಿಪೇರಿ ಮಾಡುತ್ತಾರೆ, ಅದರಲ್ಲಿ ಕಂಡ ತೊಂದರೆಗೆ ಎಲ್ಲಿ ಚಿಕಿತ್ಸೆ? ಉತ್ತರ ಇಲ್ಲದಿದ್ದರೆ ಅದೇ ದುಡ್ಡಿಗೆ ಸೋಲಾರ್ ಲಸಿಕೆ ಫ್ರಿಜ್ ಕೇಳಿ ನೋಡಿ. ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ, ಆದರೆ ಕೆಲಸ ಮಾಡುತ್ತದೆ.

5. ಕಾಗದ ಪತ್ರ

ಬೇಸರದ ಕೆಲಸ, ಆದರೆ ಇಲ್ಲಿ ತಡವಾದರೆ ಬಂದರಿನ ಬಾಡಿಗೆ ನಿಮ್ಮ ಬಜೆಟ್ ತಿನ್ನುತ್ತದೆ. ಬೇರೆ ದೇಶದಿಂದ ಬರುವ ಸಾಮಾನಾದರೆ ದಾನ ಪತ್ರ, ಬೆಲೆ ನಮೂದಿಸಿದ ಇನ್‌ವಾಯ್ಸ್, ಬ್ಯಾಚ್ ಸಂಖ್ಯೆ ಮತ್ತು ಅವಧಿ ಇರುವ ಪ್ಯಾಕಿಂಗ್ ಪಟ್ಟಿ, ಔಷಧಿಗಳ ಗುಣಮಟ್ಟದ ಪ್ರಮಾಣಪತ್ರ, ಆಮದು ಅನುಮತಿ ಬೇಕಾಗುತ್ತದೆ. 'ದಾನ, ಬೆಲೆ ಸೊನ್ನೆ' ಅಂತ ಬರೆಯಬೇಡಿ. ಕಸ್ಟಮ್ಸ್‌ನವರು ಬೆಲೆ ಕೇಳಿಯೇ ಕೇಳುತ್ತಾರೆ. ಕಸ್ಟಮ್ಸ್ ಸಂಕೇತದಲ್ಲಿ ಬಳಕೆಗೆ ಸಿದ್ಧವಾದ ಔಷಧಿಗಳು 3004ರ ಕೆಳಗೆ ಬರುತ್ತವೆ, ವೈದ್ಯಕೀಯ ಉಪಕರಣಗಳು 9018ರ ಕೆಳಗೆ. ಎರಡನ್ನೂ ಬೇರೆ ಪಟ್ಟಿಯಲ್ಲಿ, ಬೇರೆ ಪೆಟ್ಟಿಗೆಯಲ್ಲಿ ಇಡಿ. ಒಂದು ಸಿಕ್ಕಿಬಿದ್ದರೂ ಇನ್ನೊಂದು ಮುಂದೆ ಹೋಗುತ್ತದೆ. ಪಡೆಯುವವರ ಜಾಗದಲ್ಲಿ ನಿಮ್ಮ ಸಂಸ್ಥೆಯ ಬದಲು ಆರೋಗ್ಯ ಇಲಾಖೆಯ ಹೆಸರಿದ್ದರೆ ಸುಂಕ ವಿನಾಯಿತಿ ಎಷ್ಟೋ ಕಡೆ ಸುಲಭ.

ಸ್ಯಾನಿಟೈಸರ್ ಬೆಂಕಿ ಹತ್ತುವ ದ್ರವ, ಬ್ಲೀಚಿಂಗ್ ಪುಡಿ ಬೆಂಕಿ ಹೆಚ್ಚಿಸುವ ವಸ್ತು (ಆಕ್ಸಿಡೈಸರ್), ಲಿಥಿಯಂ ಬ್ಯಾಟರಿಗೆ ಬೇರೆ ನಿಯಮ. ಇವು ವಿಮಾನದಲ್ಲಿ ಅಪಾಯಕಾರಿ ಸರಕು. ಇವನ್ನು ದ್ವೀಪಕ್ಕೆ ಹತ್ತಿರದ ಪೇಟೆಯಲ್ಲೇ ಕೊಂಡರೆ ಅರ್ಧ ತಲೆನೋವು ಕಡಿಮೆ.

6. ತಂಪು ಪೆಟ್ಟಿಗೆ

ಆಕ್ಸಿಟೋಸಿನ್ ಒಯ್ಯುವ ದಿನ ಐಸ್ ಪ್ಯಾಕ್‌ಗಳನ್ನು ಫ್ರೀಜರ್‌ನಿಂದ ತೆಗೆದು ನೇರ ಪೆಟ್ಟಿಗೆಗೆ ಹಾಕಬೇಡಿ. ಆಗಷ್ಟೇ ತೆಗೆದ ಪ್ಯಾಕು ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ, ಪಕ್ಕದ ಆಂಪೂಲ್ ಹೆಪ್ಪುಗಟ್ಟಬಹುದು. ಮೇಜಿನ ಮೇಲೆ ಒಂದೊಂದಾಗಿ ಹರಡಿ ಬಿಡಿ. ಮೊದಲು ಮೇಲೆ ಬಿಳಿ ಮಂಜು ಕೂರುತ್ತದೆ, ಆಮೇಲೆ ಅದು ಹನಿಯಾಗುತ್ತದೆ. ಆಗಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ನೀರು ಗುಳುಗುಳು ಅನ್ನಬೇಕು, ಮಂಜುಗಡ್ಡೆ ಆ ಕಡೆ ಈ ಕಡೆ ಸರಿದಾಡಬೇಕು. ಬಿಸಿ ದಿನ ಬೇಗ ಆಗುತ್ತದೆ, ತಂಪು ದಿನ ಒಂದು ಗಂಟೆ ದಾಟಬಹುದು. ಪ್ರತಿ ಪ್ಯಾಕಿಗೂ ಈ ಪರೀಕ್ಷೆ ಮಾಡಿ, ಒರೆಸಿ, ಆಮೇಲೆ ಜೋಡಿಸಿ.

ತಾಪಮಾನ ದಾಖಲಿಸುವ ಲಾಗರ್ ಅನ್ನು ಆಂಪೂಲ್‌ಗಳ ಮಧ್ಯೆ ಇಡಿ, ಐಸ್‌ಗೆ ಅಂಟಿಸಿ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅಂಗೀಕರಿಸಿದ ಪೆಟ್ಟಿಗೆಗಳ ತಂಪಿನ ಅವಧಿಯನ್ನು 43 ಡಿಗ್ರಿ ಬಿಸಿಯಲ್ಲಿ ಅಳೆದಿರುತ್ತಾರೆ, ಆದರೆ ಮುಚ್ಚಳ ತೆರೆಯದೆ ಇದ್ದರೆ ಮಾತ್ರ ಆ ಸಂಖ್ಯೆ ನಿಜ. ದೋಣಿಯವರ ನೀರಿನ ಬಾಟಲಿಗೆ ಅದರಲ್ಲಿ ಜಾಗವಿಲ್ಲ ಅಂತ ಮೊದಲೇ ಹೇಳಿಬಿಡಿ. ಪೆಟ್ಟಿಗೆಯ ಅವಧಿ ನಿಮ್ಮ ಪ್ರಯಾಣದ ಎರಡರಷ್ಟಾದರೂ ಇರಲಿ.

7. ದೋಣಿ

ರಟ್ಟಿನ ಪೆಟ್ಟಿಗೆ ದೋಣಿಗೆ ಬೇಡ. ಬಿಗಿ ಮುಚ್ಚಳದ, ಕಬ್ಬಿಣದ ಪಟ್ಟಿ ಇರುವ ಪ್ಲಾಸ್ಟಿಕ್ ಡ್ರಮ್‌ಗಳು ಒಳ್ಳೆಯವು. ನೀರಿಗೆ ಬಿದ್ದರೂ ತೇಲುತ್ತವೆ, ಖಾಲಿಯಾದ ಮೇಲೆ ದ್ವೀಪದವರಿಗೆ ನೀರು ತುಂಬಲು ಆಗುತ್ತವೆ. ಒಂದೊಂದು ಡ್ರಮ್ 20 ಕೆಜಿ ದಾಟದಿರಲಿ. ದೋಣಿ ನಿಲ್ಲಿಸುವ ಕಟ್ಟೆ (ಧಕ್ಕೆ) ಇಲ್ಲದ ದ್ವೀಪದಲ್ಲಿ ಎದೆಮಟ್ಟದ ನೀರಿನಲ್ಲಿ ತಲೆ ಮೇಲೆ ಹೊತ್ತು ದಾಟಿಸಬೇಕಾಗುತ್ತದೆ, ಹೊರುವವರನ್ನು ನೆನೆದು ತುಂಬಿ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ, ಅದರೊಳಗೆ ಸಾಮಾನು, ಮಧ್ಯೆ ತೇವ ಹೀರುವ ಸಿಲಿಕಾ ಪೊಟ್ಟಣ. ಪಟ್ಟಿಯ ಒಂದು ಪ್ರತಿ ಮುಚ್ಚಳದ ಒಳಗೆ, ಒಂದು ನಿಮ್ಮ ಜೇಬಲ್ಲಿ.

ಆಕ್ಸಿಟೋಸಿನ್ ಪೂರ್ತಿ ಒಂದೇ ದೋಣಿಯಲ್ಲಿ ಹಾಕಬೇಡಿ. ಎರಡು ದೋಣಿ ಹೋಗುತ್ತಿದ್ದರೆ ಎಲ್ಲ ಸಾಮಾನನ್ನೂ ಎರಡು ಪಾಲು ಮಾಡಿ, ಪ್ರತಿ ಪಾಲೂ ತನ್ನಷ್ಟಕ್ಕೆ ಪೂರ್ತಿ ಇರಲಿ. ದೋಣಿಯ ತಳದಲ್ಲಿ ಉಪ್ಪುನೀರು, ಡೀಸೆಲ್ ಸೇರಿ ನಿಲ್ಲುತ್ತದೆ. ಕೆಳಗೆ ಹಲಗೆ ಹಾಕಿ ಸಾಮಾನನ್ನು ಅದರ ಮೇಲಿಡಿ, ಕಟ್ಟಿ. ತಂಪು ಪೆಟ್ಟಿಗೆ ಎಂಜಿನ್‌ನಿಂದ ದೂರ, ನೆರಳಿನಲ್ಲಿರಲಿ.

ಹೊರಡುವ ತೀರ್ಮಾನ ದೋಣಿ ನಡೆಸುವವನದ್ದು. ಬೇರೆ ಯಾರದ್ದೂ ಅಲ್ಲ. ದಾನಿಗಳು ಬಂದಿದ್ದಾರೆ, ವಿಮಾನದ ಟಿಕೆಟ್ ಇದೆ, ಇವತ್ತೇ ಹೋಗಲೇಬೇಕು ಅಂತ ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ. ಅವನು ಆಕಾಶ ನೋಡಿ ತಲೆ ಅಲ್ಲಾಡಿಸಿದರೆ ಐಸ್ ಪ್ಯಾಕ್‌ಗಳನ್ನು ಮತ್ತೆ ಫ್ರೀಜರ್‌ಗೆ ಹಾಕಿ, ಚಹಾ ಕುಡಿಯಿರಿ. ಎಲ್ಲರಿಗೂ ಲೈಫ್ ಜಾಕೆಟ್, ಸರಕಿಗೆ ವಿಮೆ, ದಡದಲ್ಲಿ ನಿಮ್ಮ ದಾರಿ ಕಾಯುವ ಒಬ್ಬರ ಕೈಯಲ್ಲಿ ತಲುಪುವ ಸಮಯ, ಇಷ್ಟೂ ಆಗದೆ ಹಗ್ಗ ಬಿಚ್ಚಬೇಡಿ.

ಡ್ರೋನ್ ಬಗ್ಗೆ ಎಲ್ಲರೂ ಕೇಳುತ್ತಾರೆ. 2018ರ ಡಿಸೆಂಬರ್‌ನಲ್ಲಿ ವನುವಾಟು ದೇಶದ ಎರೊಮಾಂಗೊ ದ್ವೀಪದಲ್ಲಿ ಸುಮಾರು 40 ಕಿ.ಮೀ. ದೂರಕ್ಕೆ ಲಸಿಕೆ ಡ್ರೋನ್‌ನಲ್ಲಿ ಹೋಗಿದ್ದು ನಿಜ. ತುರ್ತಿಗೆ ನಾಲ್ಕು ಆಂಪೂಲ್ ಕಳಿಸಲು ಅದು ಚೆನ್ನ. ಆರು ತಿಂಗಳ ಸಲೈನ್ ಬಾಟಲಿಗಳಿಗೆ ದೋಣಿಯೇ ಗತಿ.

8. ದಡ ಸೇರಿದ ಮೇಲೆ

ಪೆಟ್ಟಿಗೆಗಳನ್ನು ನರ್ಸ್ ಎದುರಿಗೇ ತೆರೆಯಿರಿ, ಇಬ್ಬರೂ ಎಣಿಸಿ, ಇಬ್ಬರೂ ಸಹಿ ಹಾಕಿ. ಲಾಗರ್ ನೋಡಿ. ಬೀರುವಿನಲ್ಲಿ ಬೇಗ ಅವಧಿ ಮುಗಿಯುವುದು ಮುಂದೆ, ಹೊಸದು ಹಿಂದೆ. ಪ್ರತಿ ಸಾಮಾನಿಗೂ ಒಂದು ಸ್ಟಾಕ್ ಕಾರ್ಡು, ಅದರಲ್ಲಿ ಕೆಂಪು ಗೆರೆ: ಇಷ್ಟಕ್ಕಿಳಿದರೆ ಫೋನ್ ಮಾಡಿ. ಆ ಫೋನ್ ಎತ್ತುವವರು ನಿಮ್ಮ ಕಡೆ ಒಬ್ಬರು ಇರಲೇಬೇಕು, ರಜಾ ದಿನವೂ.

ಉಳಿದ ದಿನ ತರಬೇತಿಗೆ. ಭಾಷಣ ಬೇಡ. ಸೀಲ್ ಮಾಡಿದ ಫಿಟ್ಸ್ ಚೀಲ ಒಂದನ್ನು ಅಭ್ಯಾಸಕ್ಕೆಂದೇ ಒಡೆದು, ಯಾರಾದರೂ ಬಸುರಿಯಂತೆ ಮಲಗಿ, ದೀಪ ಆರಿಸಿ ಟಾರ್ಚ್ ಬೆಳಕಿನಲ್ಲಿ ಮಾಡಿಸಿ. ಯಾವ ಸೂಜಿ ಕೂರುವುದಿಲ್ಲ, ಯಾವ ಲೇಬಲ್ ಕಾಣುವುದಿಲ್ಲ, ಆಗ ತಿಳಿಯುತ್ತದೆ. ದೋಣಿ ನಡೆಸುವವರನ್ನೂ ಕರೆಯಿರಿ. ರಕ್ತ ಹೋಗುತ್ತಿರುವ ತಾಯಿಯನ್ನು ದೋಣಿಯಲ್ಲಿ ಹೇಗೆ ಮಲಗಿಸಬೇಕು, ಸಲೈನ್ ಬಾಟಲಿ ಎಲ್ಲಿ ಕಟ್ಟಬೇಕು ಅನ್ನುವುದು ಅವರಿಗೂ ಗೊತ್ತಿರಬೇಕು. ಅಪಾಯ ಮೊದಲೇ ಗೊತ್ತಿರುವ ಬಸುರಿಯರು ದಿನ ತುಂಬುವ ಮೊದಲೇ ಆಸ್ಪತ್ರೆ ಹತ್ತಿರ ಉಳಿಯಲು ಕಾಯುವ ಮನೆ ಸಿಗುತ್ತದೆಯೇ ಅಂತ ವಿಚಾರಿಸಿ. ಅವರ ಪ್ರಯಾಣ ಖರ್ಚು ಭರಿಸುವುದು ಕೆಲವೊಮ್ಮೆ ಎರಡು ಡ್ರಮ್ ಸಾಮಾನಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

9. ವಾಪಸ್ ಪ್ರಯಾಣ

ದೋಣಿ ಖಾಲಿ ಬರಬಾರದು. ಬಳಸಿದ ಸೂಜಿ ತುಂಬಿದ ಸೇಫ್ಟಿ ಬಾಕ್ಸ್ (ಮುಕ್ಕಾಲು ತುಂಬಿದಾಗಲೇ ಮುಚ್ಚಿರಬೇಕು, ಐದು ಲೀಟರಿನದ್ದರಲ್ಲಿ ಸುಮಾರು 100 ಸಿರಿಂಜು ಹಿಡಿಯುತ್ತದೆ), ಅವಧಿ ಮುಗಿದ ಔಷಧಿ, ಕೆಟ್ಟ ಬಿಪಿ ಯಂತ್ರ, ತಂಪು ಪೆಟ್ಟಿಗೆ, ಸ್ಟಾಕ್ ಕಾರ್ಡುಗಳ ಫೋಟೋ ಇವೆಲ್ಲ ನಿಮ್ಮ ಜೊತೆ ಬರಬೇಕು. ಸೇಫ್ಟಿ ಬಾಕ್ಸ್ ಒಯ್ಯುವ ಅನುಮತಿ ಮೊದಲೇ ಪಡೆಯಿರಿ. ದ್ವೀಪದಲ್ಲಿ ಸುಡುವ ವ್ಯವಸ್ಥೆ ಇಲ್ಲದಿದ್ದರೆ ನೀವು ಕಳಿಸಿದ ಪ್ರತಿ ಸೂಜಿಯೂ ಅಲ್ಲೇ ಉಳಿಯುತ್ತದೆ, ಮಕ್ಕಳು ಆಡುವ ದಡದಲ್ಲಿ.

ದಾನಿಗಳಿಗೆ ವರದಿ ಬರೆಯುವಾಗ ಎಷ್ಟು ಪೆಟ್ಟಿಗೆ ಹೋಯಿತು ಅನ್ನುವುದಕ್ಕಿಂತ ಎಷ್ಟು ದಿನ ಆಕ್ಸಿಟೋಸಿನ್ ಇರಲಿಲ್ಲ ಅನ್ನುವುದನ್ನು ಮೊದಲು ಬರೆಯಿರಿ. ಆ ಸಂಖ್ಯೆ ಸೊನ್ನೆಯಾಗಬೇಕು. ಬಾಣಂತಿಯರ ಫೋಟೋ ಹಾಕಬೇಡಿ. ಸಣ್ಣ ದ್ವೀಪದಲ್ಲಿ ಮುಖ ಮುಚ್ಚಿದರೂ ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

10. ನೀವು ಬಿಟ್ಟುಕೊಡುವ ದಿನ

ಮೊದಲ ವರ್ಷದಿಂದಲೇ ನಿಮ್ಮ ಬಳಕೆಯ ಲೆಕ್ಕವನ್ನು ಆರೋಗ್ಯ ಇಲಾಖೆಯ ವಾರ್ಷಿಕ ಬೇಡಿಕೆ ಪಟ್ಟಿಯ ನಮೂನೆಯಲ್ಲೇ ಬರೆದು ಕೊಡಿ. ನಕಲು ಮಾಡಲು ಸುಲಭವಾದರೆ ಅದು ಪಟ್ಟಿ ಸೇರುತ್ತದೆ. ಹಸ್ತಾಂತರ ಸುಲಭದ ಸಾಮಾನಿನಿಂದ ಶುರುವಾಗಲಿ: ಮೊದಲು ಕಬ್ಬಿಣದ ಮಾತ್ರೆ, ಗ್ಲೌಸ್, ಸೋಪು, ಆಮೇಲೆ ಸಲೈನ್ ಮತ್ತು ಮೆಗ್ನೀಸಿಯಂ, ಎಲ್ಲಕ್ಕಿಂತ ಕೊನೆಗೆ ತಂಪು ಬೇಡುವ ಆಕ್ಸಿಟೋಸಿನ್. ಕಡಲು ಮುಚ್ಚಿದ ಒಂದು ಇಡೀ ಋತು ಸರ್ಕಾರಿ ಸರಬರಾಜಿನಲ್ಲೇ, ಕೆಂಪು ಗೆರೆ ಮುಟ್ಟದೆ ಕಳೆದ ಮೇಲೆ ಆ ಸಾಮಾನನ್ನು ನಿಮ್ಮ ಪಟ್ಟಿಯಿಂದ ತೆಗೆಯಿರಿ. ಅಲ್ಲಿಯವರೆಗೆ ನಿಮ್ಮ ಗೋದಾಮಿನಲ್ಲಿ ಒಂದು ಸುತ್ತಿನ ಸಾಮಾನು ಪ್ಯಾಕ್ ಆಗಿಯೇ ಇರಲಿ.